ಹ್ಯಾಂಗಿತ್ತು ಪಿಚ್ಚರ್?

ಅಜ್ಜ-ಅಜ್ಜಿ, ಮೊಮ್ಮಕ್ಕಳು ಕೂಡಿ ಆಡುವ ಸಿನಿಮಾ ಮಾತು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್. ಈ ನಾಲ್ಕರಲ್ಲಿ ಯಾವ ಊರಿಗೇ ಹೋಗಿ, ಸಿನಿಮಾ ನೋಡಿ ಹೊರಗೆ ಬಂದವರಿಗೆ ಎದುರಾಗುವ ಮೊದಲ ಪ್ರಶ್ನೆ ಒಂದೇ: "ಹ್ಯಾಂಗಿತ್ತು ಪಿಚ್ಚರ್?" ಉತ್ತರವೂ ಹೆಚ್ಚುಕಡಿಮೆ ಸಿದ್ಧವಾಗಿಯೇ ಇರುತ್ತದೆ. "ಭಾರಿ ಐತಿ", "ಚಲೋ ಐತಿ", "ಅಷ್ಟಕ್ಕಷ್ಟ", ಇಲ್ಲವಾದರೆ "ಏನೂ ಇಲ್ಲ, ಬಿಡ್ರಿ".

ಎರಡು ಶಬ್ದದಲ್ಲಿ ಮಾತು ಮುಗಿಯಿತು. ಆದರೆ ಮನೆಯಲ್ಲಿ ಮುತ್ಯಾ ಇದ್ದರೆ ಅಷ್ಟಕ್ಕೇ ಬಿಡುವುದಿಲ್ಲ.

"ಭಾರಿ ಅಂದ್ರ ಏನು ತಮ್ಮಾ? ಕಥಿ ಭಾರಿನೋ, ಹಾಡು ಭಾರಿನೋ, ಬಡಿದಾಟ ಭಾರಿನೋ?"

"ಎಲ್ಲಾ ಭಾರಿ ಮುತ್ಯಾ."

"ಎಲ್ಲಾ ಅಂದ್ರ ಯಾವುದೂ ನೆನಪಿಲ್ಲ ಅಂತಾತು!"

ನಗೆಯ ಮಾತಾದರೂ ಇದರಲ್ಲಿ ಒಂದು ಪಾಠವಿದೆ. ಸಿನಿಮಾ ನೋಡುವುದು ಎರಡೂವರೆ ತಾಸಿನ ಕೆಲಸ. ಅದರ ಬಗ್ಗೆ ಮಾತಾಡುವುದು ಜೀವನವಿಡೀ ನಡೆಯುವ ಕೆಲಸ. ಐವತ್ತು ವರ್ಷದ ಹಿಂದೆ ನೋಡಿದ ಸಿನಿಮಾದ ಒಂದು ದೃಶ್ಯವನ್ನು ಅಜ್ಜಿ ಇಂದಿಗೂ ಕಣ್ಣಿಗೆ ಕಟ್ಟುವಂತೆ ಹೇಳುತ್ತಾಳೆ. ಕಳೆದ ವಾರ ನೋಡಿದ್ದನ್ನು ಮೊಮ್ಮಗಳು ಮರೆತಿರುತ್ತಾಳೆ. ನೆನಪಿನ ಶಕ್ತಿಯಲ್ಲಿ ಮೊಮ್ಮಗಳು ಕಡಿಮೆಯೇನಲ್ಲ. ಅಜ್ಜಿ ಆ ಸಿನಿಮಾವನ್ನು ಹತ್ತು ಮಂದಿಯ ಜೊತೆ ಹತ್ತು ಸಲ ಮಾತಾಡಿದ್ದಾಳೆ. ಮಾತಾಡಿದ್ದು ಗಟ್ಟಿಯಾಗಿ ಉಳಿದಿದೆ.

ರೀಲು ಬದಲಿಸುವ ಹೊತ್ತು

ಮಕ್ಕಳೇ, ನಿಮ್ಮ ಅಜ್ಜನನ್ನು 'ಟೂರಿಂಗ್ ಟಾಕೀಜ್' ಬಗ್ಗೆ ಕೇಳಿ ನೋಡಿ. ಊರ ಹೊರಗಿನ ಬಯಲಿನಲ್ಲಿ ಟೆಂಟು ಹಾಕಿ, ಕೆಲವು ತಿಂಗಳು ಸಿನಿಮಾ ತೋರಿಸಿ, ಮುಂದಿನ ಊರಿಗೆ ಹೊರಡುತ್ತಿದ್ದ ಟಾಕೀಜ್ ಅದು. ಹಗಲು ಬೆಳಕು ಒಳಗೆ ನುಗ್ಗುತ್ತಿದ್ದುದರಿಂದ ಕತ್ತಲಾದ ಮೇಲೆಯೇ ಆಟ ಶುರು. ಸಂಜೆ ಧ್ವನಿವರ್ಧಕದಲ್ಲಿ ಭಕ್ತಿಗೀತೆ ಕೇಳಿಸಿತೆಂದರೆ ಟಿಕೇಟು ಕೊಡಲು ಶುರುಮಾಡಿದರು ಎಂದು ಅರ್ಥ. ನೆಲದ ಟಿಕೇಟು ತೆಗೆದುಕೊಂಡವರು ಉಸುಕು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುತ್ತಿದ್ದರು.

ಆಗ ಸಿನಿಮಾ ಬರುತ್ತಿದ್ದುದು ತಗಡಿನ ಡಬ್ಬಿಗಳಲ್ಲಿ, ಸುರುಳಿ ಸುತ್ತಿದ ರೀಲಿನ ರೂಪದಲ್ಲಿ. ಒಂದು ಸಣ್ಣ ಲೆಕ್ಕ ಮಾಡೋಣ. ಪರದೆಯ ಮೇಲೆ ಒಂದು ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. 35 ಮಿಲಿಮೀಟರ್ ಅಗಲದ ಫಿಲ್ಮಿನ ಒಂದು ಅಡಿಯಲ್ಲಿ 16 ಚಿತ್ರಗಳಿರುತ್ತವೆ. ಅಂದರೆ ಒಂದು ನಿಮಿಷಕ್ಕೆ 90 ಅಡಿ ಫಿಲ್ಮು ಬೇಕು. ಎರಡೂವರೆ ತಾಸಿನ ಸಿನಿಮಾಕ್ಕೆ 13,500 ಅಡಿ. ಅದನ್ನು ಬಿಚ್ಚಿ ರಸ್ತೆಯ ಮೇಲೆ ಹಾಸಿದರೆ ಸುಮಾರು 4 ಕಿಲೋಮೀಟರ್ ಆಗುತ್ತದೆ. ಬಾದಾಮಿಯಿಂದ ಹೊರಟರೆ ಬನಶಂಕರಿ ಗುಡಿಯ ಹತ್ತಿರ ಹತ್ತಿರ ಮುಟ್ಟಿಬಿಡಬಹುದು!

ಒಂದು ಸಾವಿರ ಅಡಿಯ ರೀಲು ಓಡುವುದು ಹನ್ನೊಂದು ನಿಮಿಷ ಮಾತ್ರ. ಒಂದೇ ಯಂತ್ರವಿದ್ದ ಟೆಂಟುಗಳಲ್ಲಿ ಸುರುಳಿ ಬದಲಿಸಬೇಕಾದಾಗಲೆಲ್ಲ ಆಟ ನಿಂತು ದೀಪ ಹತ್ತುತ್ತಿತ್ತು. ಆ ಕೆಲವು ನಿಮಿಷ ಇಡೀ ಟೆಂಟು ಗಿಜಿಗುಡುತ್ತಿತ್ತು. "ಅವನ ಕಳ್ಳ ಅಂತ ನನಗ ಮೊದಲೇ ಗೊತ್ತಿತ್ತು." "ಇಲ್ಲೋ, ಮುಂದ ನೋಡು, ಅವ ಒಳ್ಳೆಯವ ಆಗ್ತಾನ." ಶೇಂಗಾ ಸುಲಿಯುತ್ತ, ಪಕ್ಕದವರ ಪರಿಚಯವಿರಲಿ ಇಲ್ಲದಿರಲಿ, ಮುಂದೇನಾಗುತ್ತದೆ ಎಂದು ವಾದ ನಡೆಯುತ್ತಿತ್ತು. ನಮ್ಮ ಸೀಮೆಯ ಸಿನಿಮಾ ವಿಮರ್ಶೆ ಹುಟ್ಟಿದ್ದು ಹೀಗೆ, ರೀಲು ಬದಲಿಸುವ ಹೊತ್ತಿನಲ್ಲಿ ಎಂದರೆ ತಪ್ಪಾಗಲಾರದು.

ಈಗ ಸಿನಿಮಾ ರೀಲಿನಲ್ಲಿ ಬರುವುದಿಲ್ಲ, ಡಿಜಿಟಲ್ ರೂಪದಲ್ಲಿ ಬರುತ್ತದೆ. ಮನೆಯಲ್ಲಿ ನೋಡುವಾಗ ಒಂದು ಮುಗಿಯುವ ಮೊದಲೇ ಟೀವಿ ಇನ್ನೊಂದನ್ನು ತೋರಿಸಲು ಸಿದ್ಧವಾಗಿರುತ್ತದೆ. ಆ ನಡುವಿನ ದೀಪ ಈಗ ಹತ್ತುವುದಿಲ್ಲ. ಹಾಗಾಗಿ ಅದನ್ನು ನಾವೇ ಹಚ್ಚಿಕೊಳ್ಳಬೇಕು.

ಜಾತ್ರೆ ಕಲಿಸಿದ ಪಾಠ

ಬಾದಾಮಿಯ ಬನಶಂಕರಿ ಜಾತ್ರೆ ಗೊತ್ತಲ್ಲ? ಪುಷ್ಯ ಮಾಸದ ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ವೃತ್ತಿ ನಾಟಕ ಕಂಪನಿಗಳು ಅಲ್ಲಿ ಸಾಲಾಗಿ ಠಿಕಾಣಿ ಹೂಡುತ್ತವೆ. ಒಂದೇ ರಾತ್ರಿ ಒಂದರ ಪಕ್ಕ ಒಂದು ನಾಟಕ ನಡೆಯುತ್ತದೆ, ಬೆಳಗಿನವರೆಗೂ ಆಟಗಳಿರುತ್ತವೆ. ಬುಟ್ಟಿಯಲ್ಲಿ ಖಡಕ್ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ, ಮೊಸರು ತಂದು ಬಡಿಸುವ ತಾಯಂದಿರ ಮುಂದೆ ಕುಳಿತು ಊಟ ಮಾಡುತ್ತಲೇ ಜನ ವಿಚಾರಿಸುತ್ತಾರೆ: "ಯಾವ ನಾಟಕ ಚಲೋ ಐತ್ರೀ?"

ಇಲ್ಲಿ ಅಭಿಪ್ರಾಯಕ್ಕೆ ಬೆಲೆಯಿದೆ. ಹಳ್ಳಿಯಿಂದ ಬಂದ ಕುಟುಂಬಕ್ಕೆ ಒಂದೇ ರಾತ್ರಿ, ಕೈಯಲ್ಲಿ ಲೆಕ್ಕದ ದುಡ್ಡು. ನೀವು ಸುಮ್ಮನೆ "ಭಾರಿ ಐತಿ" ಎಂದು ಕಳಿಸಿ, ಅಲ್ಲಿ ಮಕ್ಕಳ ಮುಂದೆ ಕೂತು ನೋಡಲಾಗದ ಮಾತುಗಳಿದ್ದರೆ ಆ ತಾಯಿ ಮರುದಿನ ನಿಮ್ಮನ್ನೇ ಬೈಯುತ್ತಾಳೆ. ಹಾಗಾಗಿ ಅನುಭವಸ್ಥರು ಹೇಳುವ ರೀತಿಯೇ ಬೇರೆ: "ಹಾಸ್ಯ ಚಲೋ ಐತಿ, ಕಥಿ ಸ್ವಲ್ಪ ಉದ್ದ ಆತು, ಸಣ್ಣ ಹುಡುಗರಿದ್ರ ಮೊದಲನೇ ಆಟಕ್ಕ ಹೋಗ್ರಿ." ಯಾವುದು ಚೆನ್ನಾಗಿದೆ, ಯಾವುದು ಇಲ್ಲ, ಯಾರಿಗೆ ತಕ್ಕದ್ದು – ಮೂರೂ ಬಂದುಬಿಟ್ಟವು.

ನಾಟಕಕ್ಕೂ ಸಿನಿಮಾಕ್ಕೂ ಇಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. ರಂಗದ ಮೇಲಿನ ನಟನಿಗೆ ಜನರ ಅಭಿಪ್ರಾಯ ಅಲ್ಲೇ ತಲುಪುತ್ತದೆ. ಸಿಳ್ಳು ಬಿದ್ದರೆ ಮಾತು ಬೆಳೆಸುತ್ತಾನೆ, 'ಒನ್ಸ್ ಮೋರ್' ಎಂದರೆ ಹಾಡು ಮತ್ತೊಮ್ಮೆ ಹಾಡುತ್ತಾನೆ. ಪರದೆಯ ಮೇಲಿನ ನಾಯಕನಿಗೆ ನಮ್ಮ ಸಿಳ್ಳು ಕೇಳಿಸುವುದಿಲ್ಲ. ಅದು ಮುಟ್ಟಬೇಕಾದದ್ದು ಪಕ್ಕದವರಿಗೆ, ಗೆಳೆಯರಿಗೆ, ನಾಳೆ ಟಿಕೇಟು ಕೊಳ್ಳುವವರಿಗೆ.

ಹಾಗೆ ಮುಟ್ಟಿದಾಗ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಯಿದೆ. 2025ರ ಜುಲೈ 25ರಂದು ಜೆ.ಪಿ. ತುಮಿನಾಡ್ ನಿರ್ದೇಶನದ 'ಸು ಫ್ರಮ್ ಸೋ' ಬಿಡುಗಡೆಯಾಯಿತು. ದೊಡ್ಡ ತಾರೆಯ ಹೆಸರಿನ ಮೇಲೆ ಬಂದ ಚಿತ್ರವಲ್ಲ ಅದು. ನೋಡಿದವರು ನಕ್ಕು ಮನೆಗೆ ಹೋಗಿ ನೋಡದವರಿಗೆ ಹೇಳಿದರು. ಮಾತಿನ ಬಲದಿಂದಲೇ ಅದು ಊರೂರು ತಲುಪಿತು. 2023ರ 'ಡೇರ್‌ಡೆವಿಲ್ ಮುಸ್ತಾಫಾ' ಇನ್ನೂ ಒಂದು ಹೆಜ್ಜೆ ಮುಂದೆ. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಮೆಚ್ಚಿದ ಓದುಗರೇ ಹಣ ಹಾಕಿ ಆ ಸಿನಿಮಾ ಮಾಡಿಸಿದರು. ಮೆಚ್ಚಿದವರ ಮಾತಿಗೆ ಎಷ್ಟು ಶಕ್ತಿಯಿದೆ ನೋಡಿ.

ಸಿನಿಮಾ ಹೋದರೂ ಮಾತು ಉಳಿಯುತ್ತದೆ

ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ'. ಬಿಡುಗಡೆಯಾದದ್ದು 1934ರ ಮಾರ್ಚ್ 3ರಂದು, ಬೆಂಗಳೂರಿನಲ್ಲಿ. ಆದರೆ ಚಿತ್ರೀಕರಣ ನಡೆದದ್ದು ನಮ್ಮ ಕಡೆಗೆ ಹತ್ತಿರದ ಕೊಲ್ಹಾಪುರದ ಸ್ಟುಡಿಯೋದಲ್ಲಿ. ವೈ.ವಿ. ರಾವ್ ನಿರ್ದೇಶಿಸಿದ್ದರು. ಸುಬ್ಬಯ್ಯ ನಾಯ್ಡು ಇಂದ್ರಜಿತ್, ಆರ್. ನಾಗೇಂದ್ರರಾವ್ ರಾವಣ, ತ್ರಿಪುರಾಂಬ ಸುಲೋಚನೆ.

ಇಂದು ಅದನ್ನು ನೋಡೋಣವೆಂದರೆ ಪ್ರತಿಯೇ ಸಿಗುವುದಿಲ್ಲ. ಫಿಲ್ಮು ಕಾಲಕ್ರಮದಲ್ಲಿ ನಾಶವಾಗಿದೆ. ಆ ಸಿನಿಮಾ ಈಗ ಉಳಿದಿರುವುದು ಕೆಲವು ಚಿತ್ರಗಳಲ್ಲಿ, ಬರಹಗಳಲ್ಲಿ ಮತ್ತು ನೋಡಿದವರು ಹೇಳಿದ ಮಾತುಗಳಲ್ಲಿ. ಎಂಥ ವಿಚಿತ್ರ! ಲಕ್ಷಾಂತರ ಚಿತ್ರಗಳ ಉದ್ದದ ಸುರುಳಿ ಹೋಯಿತು, "ಹ್ಯಾಂಗಿತ್ತು?" ಎಂಬ ಪ್ರಶ್ನೆಗೆ ಕೊಟ್ಟ ಉತ್ತರ ಉಳಿಯಿತು.

ಇನ್ನೊಂದು ಹೆಸರು ಕೇಳಿ: ಅಮೀರಬಾಯಿ ಕರ್ನಾಟಕಿ. ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯವರು. ಮುಂಬಯಿಗೆ ಹೋಗಿ ಹಿಂದಿ ಚಿತ್ರಗಳ ದೊಡ್ಡ ಗಾಯಕಿಯಾದರು, ನಟಿಸಿದರು. 1943ರ 'ಕಿಸ್ಮತ್' ಚಿತ್ರದಲ್ಲಿ ಅವರು ಹಾಡಿದ ಹಾಡುಗಳು ದೇಶದಾದ್ಯಂತ ಜನರ ಬಾಯಲ್ಲಿದ್ದವು. ಆ ಸಿನಿಮಾ ಕೋಲ್ಕತ್ತದ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಅವರ ಅಕ್ಕ ಗೋಹರಬಾಯಿ ಬಾಲಗಂಧರ್ವರ ನಾಟಕಗಳಲ್ಲಿ ಹೆಸರು ಮಾಡಿದವರು. ಊರು ಬಿಟ್ಟು ಹೋದರೂ 'ಕರ್ನಾಟಕಿ' ಎಂಬ ಗುರುತನ್ನು ಇಬ್ಬರೂ ಬಿಡಲಿಲ್ಲ. ರಹಮತ್ ತರೀಕೆರೆಯವರು ಊರೂರು ಸುತ್ತಿ, ಹಿರಿಯರನ್ನು ಮಾತಾಡಿಸಿ, ಅಮೀರಬಾಯಿಯ ಮೇಲೆ ಕನ್ನಡದಲ್ಲಿ ಒಂದು ಪುಸ್ತಕ ಬರೆದರು.

ನಮ್ಮ ಜಿಲ್ಲೆಯ ಎಷ್ಟು ಮಕ್ಕಳಿಗೆ ಈ ಹೆಸರು ಗೊತ್ತು? ಗೊತ್ತಿಲ್ಲದಿದ್ದರೆ ಅದು ಮಕ್ಕಳ ತಪ್ಪಲ್ಲ. ಹಿರಿಯರು ಹೇಳಿದರೆ ತಾನೆ ಗೊತ್ತಾಗುವುದು? ಅಜ್ಜ-ಅಜ್ಜಿಯರೇ, ನಿಮ್ಮ ನೆನಪಿನಲ್ಲಿ ಯಾವ ಹಾಡು, ಯಾವ ಟಾಕೀಜು, ಯಾವ ರಾತ್ರಿ ಇದೆಯೋ ಅದನ್ನು ಹೇಳಿಬಿಡಿ. ನೀವು ಹೇಳದೆ ಹೋದರೆ ಅದಕ್ಕೆ ಎರಡನೆಯ ಪ್ರತಿ ಇಲ್ಲ.

ಟ್ರೇಲರ್ ಮತ್ತು ಶಾಸನ

ಇನ್ನು ಬರಲಿರುವ ಸಿನಿಮಾದ ಮಾತು. ಮೊದಲು ಪೋಸ್ಟರ್, ಆಮೇಲೆ ಟೀಸರ್, ಹಾಡು, ಟ್ರೇಲರ್. ಬಿಡುಗಡೆಗೆ ತಿಂಗಳಿರುವಾಗಲೇ ಶಾಲೆಯ ಬಯಲಿನಲ್ಲಿ ತೀರ್ಪು ಹೊರಬಿದ್ದಿರುತ್ತದೆ: "ಈ ವರ್ಷ ಇದೇ ನಂಬರ್ ಒನ್!" ನೋಡದ ಸಿನಿಮಾಕ್ಕೆ ಅಂಕ ಕೊಟ್ಟಾಯಿತು.

ಟ್ರೇಲರ್ ಎಂದರೇನು ಎಂದು ತಿಳಿಯಬೇಕಾದರೆ ಐಹೊಳೆಗೆ ಹೋಗಬೇಕು. ಅಲ್ಲಿನ ಮೇಗುತಿ ಗುಡಿಯ ಗೋಡೆಯ ಮೇಲೆ ಕ್ರಿ.ಶ. 634ರ ಒಂದು ಶಾಸನವಿದೆ. ಬರೆದವನು ರವಿಕೀರ್ತಿ ಎಂಬ ಕವಿ. ಬಾದಾಮಿಯ ದೊರೆ ಇಮ್ಮಡಿ ಪುಲಕೇಶಿಯ ಗೆಲುವುಗಳನ್ನೆಲ್ಲ ಸಂಸ್ಕೃತ ಪದ್ಯಗಳಲ್ಲಿ ಹೊಗಳಿದ್ದಾನೆ. ಉತ್ತರದ ಹರ್ಷವರ್ಧನನನ್ನು ತಡೆದ ಸಂಗತಿಯೂ ಅದರಲ್ಲಿದೆ. ಕೊನೆಗೆ ಕವಿ ತನ್ನನ್ನೂ ಬಿಟ್ಟಿಲ್ಲ. ತನ್ನ ಕೀರ್ತಿ ಕಾಳಿದಾಸ, ಭಾರವಿಯರ ಕೀರ್ತಿಗೆ ಸಮ ಎಂದು ತಾನೇ ಹೇಳಿಕೊಂಡಿದ್ದಾನೆ!

ಇಂಥ ಹೊಗಳಿಕೆಯ ಶಾಸನಕ್ಕೆ 'ಪ್ರಶಸ್ತಿ' ಎನ್ನುತ್ತಾರೆ. ಟ್ರೇಲರ್ ಕೂಡ ಅದೇ ಜಾತಿಯದ್ದು. ಸುಳ್ಳೆಂದು ಹೇಳಲಾಗದು, ಆದರೆ ಗೆದ್ದದ್ದನ್ನು ಮಾತ್ರ ತೋರಿಸುತ್ತದೆ. ಇಡೀ ಸಿನಿಮಾದ ಒಳ್ಳೆಯ ಎರಡು ನಿಮಿಷ ಆರಿಸಿ ಕಟ್ಟಿರುತ್ತಾರೆ.

ಹಾಗಾದರೆ ಇನ್ನೊಂದು ಕಡೆಯ ಮಾತು ಎಲ್ಲಿದೆ? ಅದೂ ನಮ್ಮಲ್ಲೇ ಇದೆ. ಪಲ್ಲವರ ನರಸಿಂಹವರ್ಮ ಕ್ರಿ.ಶ. 642ರ ಸುಮಾರಿಗೆ ಬಾದಾಮಿಯನ್ನು ಗೆದ್ದುಕೊಂಡ. ಅವನ ಶಾಸನ ಬಾದಾಮಿಯ ಬಂಡೆಯ ಮೇಲೆಯೇ ಇದೆ. ಒಂದೇ ಜಿಲ್ಲೆಯಲ್ಲಿ ಎರಡು ಬಂಡೆ, ಎರಡು ಕಡೆಯ ಮಾತು. ಇತಿಹಾಸ ಓದುವವರು ಎರಡನ್ನೂ ಓದಿ ಅಭಿಪ್ರಾಯಕ್ಕೆ ಬರುತ್ತಾರೆ. ನಾವೂ ಟ್ರೇಲರನ್ನು ನೋಡೋಣ, ಖುಷಿಪಡೋಣ, ಆದರೆ ತೀರ್ಪನ್ನು ಸಿನಿಮಾ ನೋಡುವವರೆಗೆ ಕಾಯ್ದಿಡೋಣ.

ಇದೇ ಪುಲಕೇಶಿಯ ಕಥೆ 1967ರಲ್ಲಿ ಸಿನಿಮಾ ಆಯಿತು. 'ಇಮ್ಮಡಿ ಪುಲಿಕೇಶಿ'ಯಲ್ಲಿ ಪುಲಿಕೇಶಿಯಾದವರು ಡಾ. ರಾಜಕುಮಾರ್. ಬಾದಾಮಿ, ಐಹೊಳೆಯ ಮಕ್ಕಳಿಗೆ ಈ ಸಿನಿಮಾದ ವಿಷಯದಲ್ಲಿ ಬೇರೆಯವರಿಗಿಲ್ಲದ ಒಂದು ಅನುಕೂಲವಿದೆ: ಸಿನಿಮಾ ನೋಡಿ, ಮರುದಿನ ಬಂಡೆಯನ್ನೂ ನೋಡಬಹುದು. ಸಿನಿಮಾದ ಅರಮನೆ ಹೇಗಿತ್ತು, ಅಗಸ್ತ್ಯ ತೀರ್ಥದ ದಂಡೆಯ ನಿಜವಾದ ಗುಡಿಗಳು ಹೇಗಿವೆ? ಉಡುಪು, ಆಯುಧಗಳು ಗುಹೆಯ ಶಿಲ್ಪಗಳಲ್ಲಿ ಕಾಣುವಂತಿವೆಯೇ? ಇಂಥ ಅಭಿಪ್ರಾಯವನ್ನು ಬೆಂಗಳೂರಿನವರೂ ಕಿವಿಗೊಟ್ಟು ಕೇಳಬೇಕು.

ಸೀರೆ ನೋಡುವ ಕಣ್ಣು

ಅಭಿಪ್ರಾಯ ಹೇಳುವುದು ಹೇಗೆಂದು ಇಳಕಲ್ಲಿನ ಅಜ್ಜಿಯರಿಗೆ ಯಾರೂ ಕಲಿಸಬೇಕಿಲ್ಲ. ಸೀರೆ ಅಂಗಡಿಯಲ್ಲಿ ಅವರು ಸೀರೆ ನೋಡುವುದನ್ನು ನೋಡಿ ಸಾಕು. ಮೊದಲು ಒಡಲು ಮುಟ್ಟುತ್ತಾರೆ: ನೂಲು ಹೇಗಿದೆ, ಬಣ್ಣ ನಿಲ್ಲುತ್ತದೆಯೇ. ಆಮೇಲೆ ದಡಿ: ಗೋಮಿಯೋ, ಚಿಕ್ಕಿ ಪರಾಸವೋ, ಗಾಯತ್ರಿಯೋ. ಕೊನೆಗೆ ಸೆರಗು ಬಿಚ್ಚುತ್ತಾರೆ: ಕೆಂಪು ಸೆರಗಿನ ಮೇಲಿನ ಬಿಳಿಯ ತೆನೆಗಳು ಸಾಲಾಗಿ ಕೂತಿವೆಯೇ. ಇಳಕಲ್ ಸೀರೆಯ ವಿಶೇಷವೆಂದರೆ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ನೂಲು ಬೇರೆ ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಬಲ್ಲವರು ಆ ಕೊಂಡಿಯ ಜಾಗವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ.

ಸಿನಿಮಾವನ್ನೂ ಹೀಗೆಯೇ ನೋಡಬಹುದು.

ಒಡಲು ಎಂದರೆ ಕಥೆ. ಯಾರ ಕಥೆ? ಅವರಿಗೆ ಏನು ಬೇಕಾಗಿತ್ತು? ಸಿಕ್ಕಿತೇ? ಇದನ್ನು ಮೂರು ವಾಕ್ಯದಲ್ಲಿ ಹೇಳಲು ಆಗದಿದ್ದರೆ ಕಥೆಯಲ್ಲೇ ತೊಡಕಿದೆ, ಇಲ್ಲವೇ ನಾವು ಗಮನಕೊಟ್ಟು ನೋಡಿಲ್ಲ.

ದಡಿ ಎಂದರೆ ಅದರ ಅಂದ: ಹಾಡು, ಹಿನ್ನೆಲೆ ಸಂಗೀತ, ಛಾಯಾಗ್ರಹಣ, ನಟನೆ, ಮಾತು. ನಮ್ಮ ಕಡೆಯ ಭಾಷೆ ಸಿನಿಮಾದಲ್ಲಿ ಬಂದರೆ ಅದು ನಿಜವಾಗಿ ಬಂದಿದೆಯೋ, ನಗಿಸಲಿಕ್ಕಷ್ಟೇ ತಂದಿದ್ದಾರೋ? ಇದನ್ನು ಹೇಳಲು ಹುನಗುಂದದ ಅಜ್ಜನಿಗಿಂತ ದೊಡ್ಡ ಪರೀಕ್ಷಕ ಬೇಕಿಲ್ಲ.

ಸೆರಗು ಎಂದರೆ ಕೊನೆ. ಕೊನೆ ನೋಡಿ ಎದ್ದಾಗ ಮನಸ್ಸಿನಲ್ಲಿ ಏನು ಉಳಿಯಿತು?

ಕೊಂಡಿ ಎಂದರೆ ಇವುಗಳ ಕೂಡುವಿಕೆ. ಹಾಡು ಕಥೆಗೆ ಕೂಡಿಕೊಂಡಿದೆಯೋ, ನಡುವೆ ಹರಿದಂತೆ ಇದೆಯೋ? ಹಾಸ್ಯ ಕಥೆಯೊಳಗಿಂದ ಬಂತೋ, ಹೊರಗಿಂದ ತಂದು ಅಂಟಿಸಿದ್ದೋ?

ಈ ನಾಲ್ಕು ಹಿಡಿದು ಮಾತಾಡಿದರೆ "ಭಾರಿ ಐತಿ" ಎಂಬುದು ತಾನಾಗಿಯೇ ಎರಡು ನಿಮಿಷದ ಒಳ್ಳೆಯ ಮಾತಾಗುತ್ತದೆ.

ಒಂದೇ ಕಥೆ, ಎರಡು ಕಾಲ

ಹುನಗುಂದ ತಾಲೂಕಿನ ಕೂಡಲಸಂಗಮ ಬಸವಣ್ಣನವರ ಐಕ್ಯಸ್ಥಳ. ಬಸವಣ್ಣನವರ ಮೇಲೆ 1959ರಲ್ಲಿ ಬಂದ ಸಿನಿಮಾದ ಹೆಸರು 'ಜಗಜ್ಯೋತಿ ಬಸವೇಶ್ವರ'. 1983ರಲ್ಲಿ ಬಂದದ್ದು 'ಕ್ರಾಂತಿಯೋಗಿ ಬಸವಣ್ಣ'. ಬರಿಯ ಹೆಸರನ್ನೇ ಗಮನಿಸಿ. ಒಂದು ಹೆಸರಿನಲ್ಲಿ ಬೆಳಕು, ಇನ್ನೊಂದರಲ್ಲಿ ಕ್ರಾಂತಿ. ಒಂದರಲ್ಲಿ 'ಈಶ್ವರ', ಇನ್ನೊಂದರಲ್ಲಿ 'ಅಣ್ಣ'. ವ್ಯಕ್ತಿ ಒಬ್ಬರೇ, ನೋಡುವ ಕಾಲ ಬದಲಾಗಿದೆ. ಅಜ್ಜ ಮೊದಲಿನದನ್ನು, ಅಪ್ಪ ಎರಡನೆಯದನ್ನು ನೋಡಿದ್ದರೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಿ: ನಿಮ್ಮ ಬಸವಣ್ಣ ಹೇಗಿದ್ದರು?

1972ರ 'ಬಂಗಾರದ ಮನುಷ್ಯ' ಇನ್ನೊಂದು ಒಳ್ಳೆಯ ಉದಾಹರಣೆ. ಟಿ.ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ದಲಿಂಗಯ್ಯ ನಿರ್ದೇಶಿಸಿದ ಚಿತ್ರ. ಅಜ್ಜನ ಕಣ್ಣಿಗೆ ಅದರಲ್ಲಿ ಹೊಲ, ದುಡಿಮೆ, ಮನೆತನದ ಮರ್ಯಾದೆ ಕಾಣುತ್ತದೆ. ಇಂದಿನ ಹುಡುಗಿ ನೋಡಿದರೆ ಕೇಳುವ ಪ್ರಶ್ನೆ ಬೇರೆ ಇರಬಹುದು: "ಅಷ್ಟು ಮಾಡಿದವನು ಮನಸ್ಸಿನ ನೋವನ್ನು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಲಿಲ್ಲ ಯಾಕೆ?" ಎರಡೂ ಸಿನಿಮಾದೊಳಗೆ ಇರುವಂಥವೇ. ಅಜ್ಜ ಹೇಳಿದ್ದರಿಂದ ಹುಡುಗಿಗೆ ಹೊಲ ಕಂಡಿತು, ಹುಡುಗಿ ಕೇಳಿದ್ದರಿಂದ ಅಜ್ಜನಿಗೆ ನೋವು ಕಂಡಿತು. ಕೂಡಿ ಮಾತಾಡಿದ್ದಕ್ಕೆ ಒಂದೇ ಟಿಕೇಟಿನಲ್ಲಿ ಎರಡು ಸಿನಿಮಾ!

ಈಗ ಹಳೆಯ ಚಿತ್ರಗಳೇ 'ಬರಲಿರುವ' ಚಿತ್ರಗಳಾಗಿ ಮತ್ತೆ ತೆರೆಗೆ ಬರುತ್ತಿವೆ. 1971ರ 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣ ತುಂಬಿಕೊಂಡು ಬಂತು. ಪುನೀತ್ ರಾಜಕುಮಾರ್ ಅವರ 'ಅಪ್ಪು' 2002ರದ್ದು. 2025ರ ಮಾರ್ಚಿನಲ್ಲಿ ಮರುಬಿಡುಗಡೆಯಾದಾಗ, ಮೊದಲ ಸಲ ನೋಡಿದ್ದ ಅಪ್ಪ-ಅವ್ವ ತಮ್ಮ ಮಕ್ಕಳನ್ನು ಕರೆದುಕೊಂಡು ಹೋದರು.

ಅಜ್ಜ-ಅಜ್ಜಿಯರಿಗೆ ಇಲ್ಲೊಂದು ಕಿವಿಮಾತು. "ನಮ್ಮ ಕಾಲದ ಸಿನಿಮಾನೇ ಸಿನಿಮಾ, ಈಗಿನವು ಏನು?" ಎಂದರೆ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಕಾಲವೆಂಬುದು ಜರಡಿ ಇದ್ದ ಹಾಗೆ. ನಿಮ್ಮ ಕಾಲದಲ್ಲೂ ಬೇಸರದ ಸಿನಿಮಾಗಳು ಬೇಕಾದಷ್ಟು ಬಂದಿದ್ದವು. ಅವೆಲ್ಲ ಜರಡಿಯಿಂದ ಕೆಳಗೆ ಹೋಗಿ ಗಟ್ಟಿಯವು ಮಾತ್ರ ಮೇಲೆ ಉಳಿದಿವೆ. ಇಂದಿನವನ್ನು ಇನ್ನೂ ಜರಡಿ ಹಿಡಿಯಬೇಕಾಗಿದೆ. ಆ ಕೆಲಸ ಮೊಮ್ಮಕ್ಕಳದ್ದು.

ವಾದ ಇರಲಿ, ಜಗಳ ಬೇಡ

ಮಕ್ಕಳಿಗೂ ಒಂದು ಮಾತು. ನೆಚ್ಚಿನ ನಟ ಇರುವುದು ತಪ್ಪಲ್ಲ. ಆದರೆ "ನಮ್ಮ ಹೀರೋ ಸಿನಿಮಾ ಚಲೋ ಇಲ್ಲ ಅಂದವ ನನ್ನ ಗೆಳೆಯ ಅಲ್ಲ" ಎಂಬ ಹಟ ಒಳ್ಳೆಯದಲ್ಲ. ಫೋನಿನಲ್ಲಿ ಹೆಸರಿಲ್ಲದವರು ಬೈದಾಡುವುದನ್ನು ನೋಡಿ ನಾವೂ ಹಾಗೆ ಮಾತಾಡಿದರೆ, ಆ ನಟರಿಗೆ ಅದು ತಿಳಿಯುವುದೂ ಇಲ್ಲ. ಪಕ್ಕದ ಬೆಂಚಿನ ಗೆಳೆಯ ಮಾತ್ರ ದೂರವಾಗುತ್ತಾನೆ.

"ಸಿನಿಮಾ ಕೆಟ್ಟದ್ದು" ಎನ್ನುವುದಕ್ಕೂ "ನನಗೆ ಸೇರಲಿಲ್ಲ" ಎನ್ನುವುದಕ್ಕೂ ವ್ಯತ್ಯಾಸವಿದೆ. ಎರಡನೆಯದರಲ್ಲಿ ಬೇರೆಯವರ ಮಾತಿಗೆ ಜಾಗವಿದೆ. ಅದಕ್ಕೊಂದು 'ಯಾಕಂದರೆ' ಸೇರಿಸಿದರೆ ಮಾತು ಪೂರ್ತಿಯಾಗುತ್ತದೆ.

ಇನ್ನು ಮೂರು ನಿಯಮಗಳು.

ಒಂದು: ಕೊನೆಯ ಗುಟ್ಟು ಬಿಡಬೇಡಿ. ನೋಡದವರು ಎದುರಿಗಿದ್ದರೆ "ಮುಂದಿನದು ಹೇಳಲಾ?" ಎಂದು ಮೊದಲು ಕೇಳಿ.

ಎರಡು: ಚಿತ್ರಮಂದಿರದಲ್ಲಿ ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಬೇಡಿ. 'ಸ್ಟೇಟಸ್‌ಗೆ ಹಾಕಲು ಸ್ವಲ್ಪವೇ' ಎಂದರೂ ಬೇಡ. 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಸಿನಿಮಾ ನಕಲು ಮಾಡಿಕೊಳ್ಳುವುದು ಅಪರಾಧ. ಕನಿಷ್ಠ 3 ತಿಂಗಳ ಜೈಲು, 3 ಲಕ್ಷ ರೂಪಾಯಿ ದಂಡವಿದೆ.

ಮೂರು: ಟಿಕೇಟು ಕೊಳ್ಳುವ ಮೊದಲು ಪ್ರಮಾಣಪತ್ರ ನೋಡಿ. 'ಯು' ಎಂದರೆ ಎಲ್ಲರೂ ನೋಡಬಹುದು. 'ಯುಎ' ಜೊತೆಗೆ ಈಗ 7+, 13+, 16+ ಎಂದು ವಯಸ್ಸು ಬರೆದಿರುತ್ತಾರೆ. ಆ ವಯಸ್ಸಿಗಿಂತ ಚಿಕ್ಕವರಿಗೆ ತೋರಿಸಬೇಕೋ ಬೇಡವೋ ಎಂದು ಹಿರಿಯರು ಯೋಚಿಸಬೇಕು. 'ಎ' ಎಂದರೆ 18 ತುಂಬಿದವರಿಗೆ ಮಾತ್ರ.

ಈ ಭಾನುವಾರ ಹೀಗೆ ಮಾಡಿ

ಒಂದು ನೋಟುಪುಸ್ತಕ ತೆಗೆದುಕೊಳ್ಳಿ. ಮನೆಯವರೆಲ್ಲ ಕೂಡಿ ಒಂದು ಸಿನಿಮಾ ನೋಡಿ. ನೋಡುವ ಮೊದಲು ಪ್ರತಿಯೊಬ್ಬರೂ 'ಏನು ನಿರೀಕ್ಷೆ' ಎಂದು ಒಂದು ಸಾಲು ಬರೆಯಲಿ. ನೋಡಿದ ಮೇಲೆ ಊಟಕ್ಕೆ ಕೂತಾಗ ಒಬ್ಬೊಬ್ಬರಾಗಿ ಹೇಳಲಿ. ಎಲ್ಲರಿಗಿಂತ ಚಿಕ್ಕವರು ಮೊದಲು, ಹಿರಿಯರು ಕೊನೆಗೆ. ಹಿರಿಯರು ಮೊದಲು ಹೇಳಿದರೆ ಚಿಕ್ಕವರು ಅದನ್ನೇ ಒಪ್ಪಿಬಿಡುತ್ತಾರೆ. ಯಾರೂ ನಡುವೆ ಬಾಯಿ ಹಾಕಬಾರದು. ಶಾಲೆಗೆ ಹೋಗುವವರು ಅದನ್ನು ಬರೆದಿಡಲಿ.

ಶುರುಮಾಡಲು ಕೆಲವು ಚಿತ್ರಗಳು, ಒಂದೊಂದಕ್ಕೆ ಒಂದೊಂದು ಪ್ರಶ್ನೆ:

'ಮಾಯಾಬಜಾರ್' (1957). ಎಸ್.ವಿ. ರಂಗರಾವ್ ಅವರ ಘಟೋತ್ಕಚನನ್ನು ಮರೆಯಲಾಗದು. ಇದನ್ನು ತಯಾರಿಸಿದ ನಾಗಿರೆಡ್ಡಿ, ಚಕ್ರಪಾಣಿಯವರೇ ಅಜ್ಜ-ಅಜ್ಜಿಯರು ಓದುತ್ತಿದ್ದ 'ಚಂದಮಾಮ'ವನ್ನೂ ಹೊರತಂದವರು. ಪ್ರಶ್ನೆ: ಕಂಪ್ಯೂಟರ್ ಇಲ್ಲದೆ ಆ ಮಾಯೆಗಳನ್ನು ಹೇಗೆ ತೋರಿಸಿರಬಹುದು?

'ಬೆಟ್ಟದ ಹೂವು' (1985). ಬಡತನದಲ್ಲೂ ಪುಸ್ತಕದ ಆಸೆಗೆ ದುಡ್ಡು ಕೂಡಿಡುವ ಹುಡುಗನ ಪಾತ್ರಕ್ಕೆ ಪುನೀತ್ ಅವರಿಗೆ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ಪ್ರಶ್ನೆ: ಆ ಹುಡುಗನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?

'ಚಿನ್ನಾರಿ ಮುತ್ತ' (1993). ನಾಗಾಭರಣ ಅವರ ನಿರ್ದೇಶನ. ಪ್ರಶ್ನೆ: ಹಳ್ಳಿಯ ಹುಡುಗನನ್ನು ಪಟ್ಟಣ ಹೇಗೆ ನಡೆಸಿಕೊಂಡಿತು?

'ಸರ್ಕಾರಿ ಹಿ.ಪ್ರಾ. ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ' (2018). ಗಡಿಯಾಚೆಯ ಕನ್ನಡ ಶಾಲೆಯ ಕಥೆ. ಶ್ರೇಷ್ಠ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದದ್ದು. ಪ್ರಶ್ನೆ: ನಿಮ್ಮ ಶಾಲೆ ಮುಚ್ಚಿದರೆ ಊರಿಗೆ ಏನು ನಷ್ಟ?

'777 ಚಾರ್ಲಿ' (2022). ಒಬ್ಬ ಒಂಟಿ ಮನುಷ್ಯ, ಒಂದು ನಾಯಿ. ಪ್ರಶ್ನೆ: ಯಾರು ಯಾರನ್ನು ಸಾಕಿದರು?

ಕೊನೆಯ ಪುಟವನ್ನು ಅಜ್ಜ-ಅಜ್ಜಿಗೆ ಬಿಡಿ. ಮೊದಲು ನೋಡಿದ ಸಿನಿಮಾ ಯಾವುದು? ಯಾವ ಊರಲ್ಲಿ? ಯಾರು ಕರೆದೊಯ್ದರು? ಟಿಕೇಟಿಗೆ ಎಷ್ಟು? ನಕ್ಕಿರೋ, ಅತ್ತಿರೋ? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ, "ಐತಿ", "ಬಂದಿತ್ತು ನೋಡವಾ" ಎಂಬುದನ್ನೂ ಬಿಡದೆ ಬರೆದುಕೊಳ್ಳಿ. ಕೆಳಗೆ ತಾರೀಖು ಹಾಕಿ. ಬರೆದದ್ದನ್ನು ಅವರಿಗೇ ಒಮ್ಮೆ ಓದಿ ತೋರಿಸಿ. ಅಲ್ಲಿಂದ ಇನ್ನೊಂದು ನೆನಪು ಹೊರಟೇ ಹೊರಡುತ್ತದೆ.